ನಾಲ್ಕನೆಯ ಮಾತು

ಇದನ್ನು ಹೇಳಲು ಹೊರಟಿರುವುದೇ ನನ್ನ ಅಧಿಕಪ್ರಸಂಗ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಡಾಕ್ಟರಲ್ಲ, ಕತೆ ಕಟ್ಟಿ ಗೊತ್ತಿರುವವಳೂ ಅಲ್ಲ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಓದಿದವಳು. ಅದೇ ತರಗತಿಯಲ್ಲಿ ನನ್ನ ಬೆಂಚಿನ ಇನ್ನೊಂದು ತುದಿಗೆ ಕೂರುತ್ತಿದ್ದವಳ ವಿಷಯ ಇದು. ಅವಳು ನನಗೆ ಹೇಳಿದ್ದು ಮುಕ್ಕಾಲು ಪಾಲು. ಮಿಕ್ಕ ಕಾಲು ಪಾಲು ನನ್ನ ಊಹೆ, ಆದರೆ ಯಾವುದು ಊಹೆ ಯಾವುದು ಅವಳ ಮಾತು ಅಂತ ಈಗ ನನಗೇ ಬಿಡಿಸಲು ಬರುವುದಿಲ್ಲ. ಹೆಂಗಸರು ದನಿ ತಗ್ಗಿಸಿ ಆಡುವ ಸಂಗತಿ ಇದರಲ್ಲಿದೆ. ನಾನು ದನಿ ತಗ್ಗಿಸದೆ ಬರೆಯಲು ನೋಡಿದ್ದೇನೆ. ಬರೆಯುವಾಗ ಎರಡು ಸಲ ಎದ್ದು ಹೋಗಿ ಬಾಗಿಲು ಹಾಕಿ ಬಂದದ್ದು ಮಾತ್ರ ನಿಜ.

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಹೆಂಗಸರ ಕ್ಲಿನಿಕ್ಕಿನ ಮೊದಲ ಮಹಡಿಯಲ್ಲಿ, ಉದ್ದ ಬೆಂಚಿನ ಮೇಲೆ ಒತ್ತಿಕೊಂಡು ಕೂತಿದ್ದ ಹನ್ನೊಂದು ಹೆಂಗಸರ ಎದುರು ನಿಂತು ಮರದ ಭಾವನಿಗೆ ಕಾಂಡೋಮ್ ತೊಡಿಸುತ್ತಿದ್ದಾಗ ಅವಳ ತಲೆಯೊಳಗೆ ಇದ್ದದ್ದು ಒಂದೇ ಯೋಚನೆ: ಇಷ್ಟು ಹೊತ್ತಿಗೆ ಮನೆಯಲ್ಲಿ ಅವರು ಕನ್ನಡಕದ ಡಬ್ಬಿ ತೆಗೆದಿರುತ್ತಾರೆ. ಬಾಯಿ ತನ್ನ ಪಾಡಿಗೆ ಪಾಠ ಒಪ್ಪಿಸುತ್ತಿತ್ತು. ಪೊಟ್ಟಣದ ಮೇಲಿನ ತಾರೀಕು ನೋಡಿ, ಹಲ್ಲಲ್ಲಿ ಕಚ್ಚಿ ಹರಿಯಬೇಡಿ, ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಗಾಳಿ ತೆಗೆಯಿರಿ, ಬುಡದವರೆಗೂ ಇಳಿಸಿ, ಒಂದಕ್ಕೆ ಒಂದೇ ಸಲ. ಆರು ವರ್ಷದಿಂದ ದಿನಕ್ಕೆರಡು ಬಾರಿ ಹೇಳಿ ಹೇಳಿ ಬಾಯಿಗೆ ಅವಳ ಹಂಗೇ ಬೇಕಿರಲಿಲ್ಲ. ಹೆಂಗಸರು ಎಂದಿನಂತೆ ಮೊದಲು ನೆಲ ನೋಡಿದರು, ಎಂದಿನಂತೆ ಯಾರೋ ಒಬ್ಬಳು ಕಿಸಕ್ಕೆಂದಳು, ಆಮೇಲೆ ಎಲ್ಲರೂ ತಲೆ ಎತ್ತಿ ನೋಡತೊಡಗಿದರು. ಭಾವನ ನೆತ್ತಿಗೆ ಇವತ್ತು ಬಿಳಿ ಪಟ್ಟಿ ಸುತ್ತಿತ್ತು. ಹೋದ ವಾರ ಅವಳ ಕೈಜಾರಿ ನೆಲಕ್ಕೆ ಬಿದ್ದು ಸೀಳು ಬಿಟ್ಟಿದ್ದ. ಮುಂದಿನ ಸಾಲಿನ ಮುದುಕಿ, ಪಾಪ ಇದಕ್ಕೇನು ಏಟು ಬಿತ್ತು, ಹೆಂಡತಿ ಹೊಡೆದಳಾ ಅಂತ ಕೇಳಿ ಎಲ್ಲರನ್ನೂ ನಗಿಸಿದಳು. ಅವಳೂ ನಕ್ಕಳು. ನಗುವಾಗ ಎಣಿಸಿದಳು: ಎದ್ದಿರುತ್ತಾರೆ, ಮುಖ ತೊಳೆದಿರುತ್ತಾರೆ, ಚಹಾ ಕುಡಿದಿರುತ್ತಾರೆ, ಕನ್ನಡಕ.

ಮರದ ಭಾವ ಅನ್ನುವ ಹೆಸರು ಇಟ್ಟವಳು ಅವಳಲ್ಲ, ಈ ಬೆಂಚೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಾಠಕ್ಕೆ ಒಂದು ಮಾದರಿ ಬೇಕಾಗಿ ಅವಳು ಗಂಡನನ್ನು ಕೇಳಿದ್ದಳು. ಗಂಡ ಲೇತಿನ ಮೇಲೆ ಮರ ಕಡೆಯುವವನು; ಕುರ್ಚಿ ಕಾಲು, ಮಂಚದ ಕಾಲು, ಮೆಟ್ಟಿಲ ಪಕ್ಕದ ಕಂಬಿ. ಮೊದಲು ನಗು ತಡೆಯಲಾಗದೆ ಮೆಟ್ಟಿಲ ಮೇಲೆ ಕೂತುಬಿಟ್ಟ. ಆಮೇಲೆ ಕಸುಬುದಾರಿಕೆ ಮೇಲುಗೈ ಆಯಿತು. ಎಳೆ ನೇರವಿರುವ ಒಳ್ಳೆ ಮರ ಆರಿಸಿದ, ಮೂರು ಸಲ ಮರಳುಕಾಗದ ಉಜ್ಜಿದ, ಪಾಲಿಶ್ ಹಾಕಿದ, ಬೀಳದ ಹಾಗೆ ಅಡಿಗೆ ಚಪ್ಪಟೆ ಪೀಠ ಕೂರಿಸಿದ. ಅವಳು ಬೆಂಚಿನ ಮುಂದೆ ಹೆಮ್ಮೆಯಿಂದ, ನಮ್ಮ ಮನೆಯವರೇ ಮಾಡಿಕೊಟ್ಟದ್ದು ಅಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಕ್ಕನ ಮನೆಯವರು ಮಾಡಿದ್ದು ಅಂದ್ರೆ ನಮಗೆಲ್ಲ ಭಾವ ಆಗಬೇಕಲ್ಲ ಅಂತ ಬೆಂಚಿನ ಕೊನೆಯಿಂದ ಒಬ್ಬಳು ಅಂದದ್ದೇ ತಡ, ಆ ಹೆಸರು ಅಂಟಿತು. ಅವಳಿಗೂ ಒಂದು ಹೆಸರು ಬಂತು: ಪಾಠದಕ್ಕ.

ಪಾಠ ಮುಂದುವರಿಯಿತು. ಹೆಚ್ಚಿನ ಸೋಂಕು ಸದ್ದೇ ಮಾಡುವುದಿಲ್ಲ, ಅದಕ್ಕೇ ವರ್ಷಕ್ಕೊಂದು ಸಲ ಪರೀಕ್ಷೆ. ನೋವಿಲ್ಲ, ತುರಿಕೆಯಿಲ್ಲ ಅಂತ ಸುಮ್ಮನಿದ್ದರೆ ಒಳಗೊಳಗೇ ಗರ್ಭನಾಳಕ್ಕೆ ಪೆಟ್ಟು. ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಿಸಿ, ಅದು ಎಷ್ಟು ಎಳೆಯ ವಯಸ್ಸಿಗೆ ಹಾಕಿಸಿದರೆ ಅಷ್ಟು ಒಳ್ಳೆಯದು. ಸೋಂಕು ಸಿಕ್ಕಿತೋ, ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಮಾತ್ರೆ ತಗೊಳ್ಳಬೇಕು. ಮುಂಬಾಗಿಲು ಹಾಕಿ ಹಿತ್ತಿಲ ಬಾಗಿಲು ತೆಗೆದಿಟ್ಟರೆ ಬೆಕ್ಕು ಬರದೆ ಇರುತ್ತಾ? ಇಲ್ಲಿಗೆ ಬಂದಾಗ ಅವಳು ಜೇಬಿನಿಂದ ತಿಳಿಹಳದಿ ಚೀಟಿ ತೆಗೆದು ತೋರಿಸಬೇಕು. ಅದು ಅಭ್ಯಾಸ. ಅದರ ಮೇಲೆ ರೋಗದ ಹೆಸರಿಲ್ಲ, ಯಾರ ಹೆಸರೂ ಇಲ್ಲ. ಈ ಚೀಟಿ ತಂದವರನ್ನು ಕಾಯಿಸದೆ ನೋಡಬೇಕು ಅನ್ನುವ ಒಂದು ಸಾಲು, ಕ್ಲಿನಿಕ್ಕಿನ ವೇಳೆ, ಕೆಳಗೆ ಖಾಲಿ ಚೌಕ. ಸೋಂಕು ಸಿಕ್ಕ ಹೆಂಗಸಿಗೆ ಡಾಕ್ಟರಮ್ಮ ಆ ಚೌಕದಲ್ಲಿ ಒಂದು ಸಂಖ್ಯೆ ಬರೆದು ಕೊಡುತ್ತಾರೆ, ಅವಳು ಅದನ್ನು ತನ್ನ ಜೊತೆಗಾರನಿಗೆ ಕೊಡಬೇಕು. ಜೋಡಿ ಚೀಟಿ. ಕೊಡುವಾಗ ಮೂರೇ ಮಾತು ಸಾಕು ಅಂತ ಅವಳು ಬೆಂಚಿಗೆ ಕಂಠಪಾಠ ಮಾಡಿಸುತ್ತಿದ್ದಳು: ನನಗೆ ಒಂದು ಸೋಂಕು ಇದೆಯಂತೆ; ಮಾತ್ರೆ ತಗೊಂಡರೆ ಹೋಗುತ್ತದಂತೆ; ನೀವೂ ತೋರಿಸಿಕೊಳ್ಳಬೇಕಂತೆ. ನಾಲ್ಕನೆಯ ಮಾತು ಬೇಡ. ನಾಲ್ಕನೆಯದು ಯಾವಾಗಲೂ ಜಗಳ. ಮತ್ತೆ, ಎಲ್ಲೋ ಇಟ್ಟು ಅವರೇ ನೋಡಿಕೊಳ್ಳಲಿ ಅನ್ನಬೇಡಿ, ಕೈಗೇ ಕೊಡಿ.

ಕೈಗೇ ಕೊಡಿ ಅನ್ನುವಾಗ ಅವಳ ದನಿ ಸ್ವಲ್ಪ ಸೋತಿತು. ಬೆಂಚಿನ ಕೊನೆಗೆ, ಕಿಟಕಿಯ ಪಕ್ಕ, ಇಸ್ತ್ರಿಯವಳು ಕೂತಿದ್ದಳು. ಬಲಗೈ ಹೆಬ್ಬೆರಳಿನ ಬುಡಕ್ಕೆ ಸುಟ್ಟ ಹಳೆಯ ಕಲೆ, ಮಾತಿಗೆ ಮುಂಚೆ ಆ ಕಲೆ ಉಜ್ಜಿಕೊಳ್ಳುವ ರೂಢಿ. ಅವಳಿಗೆ ಸೋಂಕು ಸಿಕ್ಕಿ ತಿಂಗಳಾಗಿತ್ತು. ಮೊದಲ ಚೀಟಿಯನ್ನು ಗಂಡನ ಅಂಗಿಯ ಜೇಬಿಗೆ ತುರುಕಿದ್ದಳು, ಅಂಗಿ ನೀರಿಗೆ ಬಿತ್ತು, ಚೀಟಿ ಮುದ್ದೆಯಾಯಿತು. ಆಗ ಪಾಠದಕ್ಕ ಎಲ್ಲರೆದುರು ಅವಳಿಗೆ ಬೈದಿದ್ದಳು. ಬೈಗುಳ ಅಂತಲ್ಲ, ಮೇಷ್ಟ್ರು ಹೋಂವರ್ಕ್ ಮಾಡದವರಿಗೆ ಹೇಳುವ ಹಾಗೆ. ಊರಿನ ಅಂಗಿಯೆಲ್ಲ ಜೇಬು ನೋಡಿ ಇಸ್ತ್ರಿ ಮಾಡ್ತೀಯ, ನಿನ್ನ ಮನೆಯ ಜೇಬು ಮರೆತೆಯಾ ಅಂತ. ಬೆಂಚು ನಕ್ಕಿತ್ತು. ಇಸ್ತ್ರಿಯವಳು ಕಲೆ ಉಜ್ಜಿಕೊಂಡು ನಿಧಾನವಾಗಿ ಕೇಳಿದ್ದಳು: “ಪಾಠದಕ್ಕಾ, ನೀವು ಪರೀಕ್ಷೆ ಮಾಡಿಸಿದ್ದೀರಾ?” ಅದರಲ್ಲಿ ಕುಹಕ ಇರಲಿಲ್ಲ, ಅದೇ ತೊಂದರೆ. ಮಾಡಿಸದೆ ಇರ್ತೀನಾ ಅಂದಿದ್ದಳು ಇವಳು, ಕಣ್ಣು ಮಿಟುಕಿಸದೆ. ಮಗಳಿಗೆ ಲಸಿಕೆ ಹಾಕಿಸಿದ್ದಳು, ಗಂಡನ ಹುಳುಕು ಹಲ್ಲು ಕೀಳಿಸಿದ್ದಳು, ಅತ್ತೆಯ ಕಣ್ಣಿನ ಪೊರೆ ತೆಗೆಸಿದ್ದಳು. ಆರು ವರ್ಷದಲ್ಲಿ ತಾನು ಮಾತ್ರ ಒಂದು ಸಲವೂ ಪರೀಕ್ಷೆಯ ಕುರ್ಚಿಯ ಮೇಲೆ ಕೂತಿರಲಿಲ್ಲ. ಆ ಸಂಜೆ ಎಲ್ಲರೂ ಹೋದ ಮೇಲೆ, ಸುಳ್ಳನ್ನು ನಿಜ ಮಾಡಿಬಿಡೋಣ ಅನ್ನುವ ಒಂದೇ ಕಾರಣಕ್ಕೆ ಮಾದರಿ ಕೊಟ್ಟಳು. ಶೀಶೆಯ ಮೇಲೆ ಸಂಖ್ಯೆ ಬರೆಯುವಾಗ ಕೈ ಹಗುರಾಗಿತ್ತು. ತೂಕ ನೋಡಿಕೊಳ್ಳಲು ಯಂತ್ರ ಹತ್ತಿದವಳ ಹಾಗೆ.

ನಿನ್ನೆ, ಸೋಮವಾರ, ಡಾಕ್ಟರಮ್ಮ ಕರೆದು ಬಾಗಿಲು ಹಾಕಿದರು. ಕ್ಲಮಿಡಿಯಾ ಅಂದರು, ಕೂಡಿದಾಗ ದಾಟುವ, ಸದ್ದೇ ಮಾಡದ ಸೋಂಕುಗಳಲ್ಲಿ ಒಂದು. ಏಳು ದಿನ, ದಿನಕ್ಕೆರಡು ಮಾತ್ರೆ, ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಅಂದರು. ಜೋಡಿ ಚೀಟಿಯ ಚೌಕದಲ್ಲಿ ಸಂಖ್ಯೆ ಬರೆದು ಕೊಟ್ಟರು. ಆಮೇಲೆ ರೂಢಿಬಲದಿಂದ, ಇದು ನಿಮಗೊಬ್ಬರಿಗೇ ಬಂದದ್ದಲ್ಲ, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಅಂತ ಶುರು ಮಾಡಿದರು. ಆ ವಾಕ್ಯ ಬರೆದುಕೊಟ್ಟವಳು ಅವಳೇ. ಎರಡು ವರ್ಷದ ಹಿಂದೆ ಒಂದು ಭಾನುವಾರ ಪೂರ್ತಿ ಕೂತು, ಮೂರು ಸಲ ಹೊಡೆದುಹಾಕಿ, ಡಾಕ್ಟರಮ್ಮನ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದಳು. ಈಗ ಅದನ್ನು ಕೇಳುವಾಗ ವಾಕ್ಯ ಸ್ವಲ್ಪ ಉದ್ದವಾಯಿತು, ನಡುವೆ ಉಸಿರು ತೆಗೆದುಕೊಳ್ಳಲು ಜಾಗವಿಲ್ಲ ಅನ್ನಿಸಿತು. ಡಾಕ್ಟರಮ್ಮನಿಗೂ ಅರ್ಧದಲ್ಲಿ ಹೊಳೆದಿರಬೇಕು, ನಿಲ್ಲಿಸಿದರು, ಇಬ್ಬರೂ ಗಾಜಿನ ಕೆಳಗಿನ ಕಾಗದ ನೋಡಿದರು. ಇದು ಯಾವಾಗಿನಿಂದ ಇರಬಹುದು ಅಂತ ಇವಳು ಕೇಳಿದಳು. ತಿಂಗಳಿಂದ ಇರಬಹುದು, ವರ್ಷಗಳಿಂದಲೂ ಇರಬಹುದು, ನೀವೇ ಪಾಠ ಮಾಡ್ತೀರಲ್ಲ ಅಂದರು. ಹೌದು, ಅದನ್ನೂ ಅವಳೇ ಹೇಳುತ್ತಿದ್ದಳು: ಪರೀಕ್ಷೆ ಏನಿದೆ ಅಂತ ಹೇಳುತ್ತದೆ, ಎಲ್ಲಿಂದ ಬಂತು ಅಂತ ಹೇಳುವುದಿಲ್ಲ. ಬೆಂಚಿಗೆ ಆ ಮಾತಿನಿಂದ ಸಮಾಧಾನ ಆಗುತ್ತಿತ್ತು.

ಅವಳಿಗೆ ಆಗಲಿಲ್ಲ. ಗಂಡ ಹೋದ ವರ್ಷ ಬೇರೆ ಊರಿನ ಒಂದು ಹೋಟೆಲಿಗೆ ಮೆಟ್ಟಿಲ ಕಂಬಿ ಕೂರಿಸಲು ಹೋಗಿ ಇಪ್ಪತ್ತೆರಡು ದಿನ ಇದ್ದು ಬಂದಿದ್ದ. ಅವನು ವಾಪಸು ಬಂದಿಳಿಯುವಾಗ ಮೊದಲಿಗಿಂತ ಉಲ್ಲಾಸದಲ್ಲಿದ್ದ ಅನ್ನುವುದು ಈಗ ನೆನಪಿಗೆ ಬಂತು. ಹೊಸ ಸಾಬೂನಿನ ವಾಸನೆಯೂ ನೆನಪಿಗೆ ಬಂತು. ಆದರೆ ಹೋಟೆಲಿಗೆ ಹೋದವನು ಹೋಟೆಲಿನ ಸಾಬೂನು ವಾಸನೆ ಬರದೆ ಇನ್ನೇನು ವಾಸನೆ ಬರಬೇಕು? ಹೀಗೆ ಅವನ ಲೆಕ್ಕ ಹಾಕುತ್ತಿದ್ದ ಬೆರಳು ತಿರುಗಿ ಅವಳ ಕಡೆಗೇ ಬಂತು. ಸಂಜೆ ಕಾಲೇಜಿನ ಎರಡನೆಯ ವರ್ಷ, ಪರೀಕ್ಷೆಗೆ ಹತ್ತು ದಿನ ಮುಂಚೆ, ನಕ್ಷೆ ಬರೆಯುವವನ ಬಾಡಿಗೆ ಕೋಣೆ. ನಮ್ಮ ಹಿಂದಿನ ಬೆಂಚಿನವನು. ಪೆನ್ಸಿಲ್ ಅಷ್ಟು ಚೂಪಾಗಿ ಕೆತ್ತುವವನನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ. ಅವರು ನೋಟ್ಸ್ ಬರೆದುಕೊಳ್ಳುತ್ತಿದ್ದಾರೆ ಅಂತಲೇ ನಾನು ತಿಳಿದಿದ್ದೆ, ಬಹುಪಾಲು ಅದೇ ನಿಜ ಕೂಡ. ಒಂದು ಮಧ್ಯಾಹ್ನ ಮಾತ್ರ ಅಲ್ಲ. ಒಂದೇ ಒಂದು ಮಧ್ಯಾಹ್ನ. ಅವಳನ್ನು ಕಾಡಿದ್ದು ಆ ಮಧ್ಯಾಹ್ನ ಅಷ್ಟಾಗಿ ಅಲ್ಲ. ಬಾಗಿಲ ಚಿಲಕಕ್ಕೆ ಅವಳ ಚೀಲ ನೇತುಹಾಕಿತ್ತು, ಅದರೊಳಗೆ ಮರುದಿನದ ಪಾಠಕ್ಕೆಂದು ತೆಗೆದುಕೊಂಡ ನಲವತ್ತೆಂಟು ಕಾಂಡೋಮ್ ಇದ್ದವು. ಅವಳಿಗೆ ಗೊತ್ತಿತ್ತು. ಚೀಲ ಕಣ್ಣೆದುರೇ ಇತ್ತು. ಎದ್ದು ಹೋಗಿ ತೆಗೆದರೆ ಇದೆಲ್ಲ ಬೇಕಂತಲೇ ಆದ ಹಾಗಾಗುತ್ತದೆ ಅಂತ ಎದ್ದಿರಲಿಲ್ಲ. ಊರಿಗೆಲ್ಲ ಛತ್ರಿ ಮಾರುವವಳು ತಾನು ನೆನೆದು ಬಂದ ಹಾಗೆ.

ಆದ್ದರಿಂದ ಚೀಟಿ ಕೊಡುವುದು ಅಂದರೆ ಬರೀ ಚೀಟಿ ಕೊಡುವುದಾಗಿರಲಿಲ್ಲ. ಕೊಡದಿದ್ದರೆ ಅವಳು ಮಾತ್ರೆ ತಿಂದೂ ಪ್ರಯೋಜನವಿಲ್ಲ, ಮತ್ತೆ ಬರುತ್ತದೆ, ಅವನ ಒಳಗೂ ಸದ್ದಿಲ್ಲದೆ ಕೂತಿರುತ್ತದೆ. ಕೊಟ್ಟರೆ ಯಾರಿಂದ ಅಂತ ಕೇಳುತ್ತಾನೆ. ಕೇಳಿದರೆ ಅವನನ್ನು ದೂರಬೇಕು ಇಲ್ಲವೇ ತನ್ನದನ್ನು ಹೇಳಬೇಕು. ಹದಿನಾಲ್ಕು ವರ್ಷದ ಸಂಸಾರ. ಅವನು ರೊಟ್ಟಿ ಸುಟ್ಟರೂ ಗೊಣಗದವನು, ಆದರೆ ಮರದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೆರಳಲ್ಲೇ ಕಂಡುಹಿಡಿಯುವವನು. ಸೋಮವಾರ ಸಂಜೆಯೆಲ್ಲ ಚೀಟಿ ಅವಳ ಜೇಬಿನಲ್ಲೇ ಇತ್ತು. ಊಟಕ್ಕೆ ಮುಂಚೆ ಬೇಡ, ಊಟವಾದ ಮೇಲೆ. ಊಟವಾದ ಮೇಲೆ ಮಗಳು ಎದ್ದಿದ್ದಾಳೆ. ಮಗಳು ಮಲಗಿದ ಮೇಲೆ ಅವನೂ ಮಲಗಿದ. ಬೆಳಿಗ್ಗೆ ಅವನು ಏಳುವ ಮುಂಚೆ, ಇಸ್ತ್ರಿಯವಳ ಜೇಬಿನ ತಪ್ಪನ್ನು ತಾನು ಮಾಡಬಾರದು ಅಂತ ಬಹಳ ಯೋಚಿಸಿ, ನೀರಿಗೆ ಬೀಳದ ಜಾಗ ಹುಡುಕಿ, ಚೀಟಿಯನ್ನು ಅವನ ಕನ್ನಡಕದ ಡಬ್ಬಿಯೊಳಗೆ ಮಡಿಸಿಟ್ಟು ಚಪ್ಪಲಿ ಸದ್ದಾಗದ ಹಾಗೆ ಮೆಟ್ಟಿಲಿಳಿದಿದ್ದಳು. ಕನ್ನಡಕವಿಲ್ಲದೆ ಅವನಿಗೆ ಗೆರೆ ಕಾಣುವುದಿಲ್ಲ. ನೋಡೇ ನೋಡುತ್ತಾನೆ. ಬುದ್ಧಿವಂತಿಕೆ ಅಂದರೆ ಇದು ಅಂತ ಬೀದಿ ತಿರುವಿನವರೆಗೂ ಅನ್ನಿಸಿತ್ತು.

ಪಾಠ ಮುಗಿಯಿತು. ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬರುತ್ತಿದ್ದರು. ಅವಳು ಪೊಟ್ಟಣ ಹಂಚಿದಳು, ಎಣಿಸಿದ್ದನ್ನೇ ಮತ್ತೆ ಎಣಿಸಿದಳು, ಗೋಡೆಯ ಮೇಲಿನ ಗರ್ಭಕೋಶದ ಚಿತ್ರ ಓರೆಯಾಗಿದೆ ಅಂತ ಸರಿಮಾಡಿ ಇನ್ನಷ್ಟು ಓರೆ ಮಾಡಿದಳು. ಇಸ್ತ್ರಿಯವಳು ಹತ್ತಿರ ಬಂದು, ಎರಡನೆಯ ಚೀಟಿ ಕೊಟ್ಟೆ ಅಕ್ಕಾ ಅಂದಳು. ಕೈಗೇ ಕೊಟ್ಟಳಂತೆ. ಮೂರು ಮಾತೂ ಹೇಳಿದಳಂತೆ, ಎರಡನೆಯದು ಮೊದಲು ಬಂದುಬಿಟ್ಟಿತಂತೆ. ಗಂಡ ಒಂದು ದಿನ ಮಾತು ಬಿಟ್ಟು ಎರಡನೆ ದಿನ ತಾನೇ ಕೇಳಿದನಂತೆ, ಯಾವತ್ತು ಹೋಗೋದು ಅಂತ. ಈಗ ಕೆಳಗೆ ಸೈಕಲ್ ಹಿಡಿದು ನಿಂತಿದ್ದಾನೆ, ಒಂದು ಗಂಟೆಯಾಯಿತು, ಹೆಂಗಸರ ಬೆಂಚಿನ ಮೇಲೆ ಕೂರಲು ನಾಚಿಕೆ, ಮೇಲೆ ಬರಲೊಲ್ಲ. “ಸೈಕಲ್ ಬಿಟ್ಟು ಬಂದ್ರೆ ಯಾರಾದ್ರೂ ಹೊತ್ಕೊಂಡು ಹೋಗ್ತಾರಂತೆ ಅಕ್ಕಾ. ನೋಡಿದ್ರೆ ಅದರ ಎರಡೂ ಚಕ್ರ ಪಂಚರು.” ಪಾಠದಕ್ಕ ಕಿಟಕಿಯಿಂದ ಬಗ್ಗಿ ನೋಡಿದಳು. ದಪ್ಪ ಮೀಸೆಯ ಮನುಷ್ಯ ಸೈಕಲ್ಲಿನ ಗಂಟೆಯನ್ನು ಕರವಸ್ತ್ರದಲ್ಲಿ ಉಜ್ಜುತ್ತಿದ್ದ. ಹೊಳೆಯುವುದಕ್ಕೆ ಅದರಲ್ಲಿ ಇನ್ನೇನೂ ಉಳಿದಿರಲಿಲ್ಲ. ಅವನ ಹಿಂದಿನಿಂದ, ಗೇಟು ದಾಟಿ, ಕಂಕುಳಲ್ಲಿ ಪೇಪರು ಸುತ್ತಿದ ಒಂದು ಗಂಟು ಇಟ್ಟುಕೊಂಡು ಅವಳ ಗಂಡ ಬರುತ್ತಿದ್ದ.

ಅವಳು ಕಿಟಕಿಯಿಂದ ತಲೆ ಒಳಗೆ ಎಳೆದುಕೊಂಡಳು. ಅವನು ಹಗಲು ಹೊತ್ತಿನಲ್ಲಿ ಲೇತು ನಿಲ್ಲಿಸಿ ಎದ್ದು ಬರುವವನಲ್ಲ. ಚೀಟಿ ನೋಡಿದ್ದಾನೆ. ಬಟ್ಟೆ ಗಂಟು ಕಟ್ಟಿಕೊಂಡು ಬಂದಿದ್ದಾನೆ, ಅಲ್ಲ, ಅವಳ ಬಟ್ಟೆಯ ಗಂಟು ತಂದಿದ್ದಾನೆ. ಎಲ್ಲರೆದುರು ಕೇಳುತ್ತಾನೆ. ಕೇಳುವವನಲ್ಲ, ಆದರೆ ಇವತ್ತು ಕೇಳಬಹುದು. ಮೆಟ್ಟಿಲ ಮೇಲೆ ಅವನ ಹೆಜ್ಜೆ ಸದ್ದು ಹತ್ತೊಂಬತ್ತು ಸಲ ಕೇಳಿಸಿತು, ಕಂಬಿಯನ್ನು ಕಸುಬಿನ ಕೈಯಿಂದ ಸವರಿ ನೋಡಿದ್ದೂ ಕೇಳಿಸಿತು. ಬೆಂಚಿನ ಮುಂದೆ ಬಂದು ನಿಂತು ಅವಳನ್ನು ನೋಡಿದ. ಕನ್ನಡಕ ಹಾಕಿದ್ದ.

“ತಂದಿದ್ದೀನಿ ನೋಡು,” ಅಂದ.

ಅವನು ಪೇಪರು ಬಿಡಿಸಿದ. ಒಳಗಿದ್ದದ್ದು ಹೊಸ ಭಾವ. ಹಳೆಯದಕ್ಕಿಂತ ತುಸು ನಸುಗೆಂಪು ಮರ, ಪಾಲಿಶ್ ಇನ್ನೂ ಮೂಗಿಗೆ ಹೊಡೆಯುತ್ತಿತ್ತು. ಪುರುಸೊತ್ತಾದಾಗ ಮಾಡಿಕೊಡುತ್ತೇನೆ ಅಂದಿದ್ದ, ಅವಳು ಮರೆತೇಬಿಟ್ಟಿದ್ದಳು. ಇವರೇ ಕಣ್ರೇ ಅಂತ ಬೆಂಚಿನಲ್ಲಿ ಒಬ್ಬಳು ಪಿಸುಗುಟ್ಟಿದಳು, ಆಮೇಲೆ ಸಾಲಿಗೆ ಸಾಲೇ ನಗೆಯಲ್ಲಿ ಬಿದ್ದುಹೋಯಿತು. ಮುದುಕಿ, ಅಪ್ಪ ಮಗ ಇಬ್ಬರೂ ಚೆನ್ನಾಗಿದ್ದೀರಿ ಅಂದಳು. ಅವನ ಕಿವಿ ಕೆಂಪಾದವು, ಆದರೆ ಕೆಲಸದ ಮಾತು ಬಿಡಲಿಲ್ಲ. ಹಳೆಯದರ ಪೀಠ ಚಿಕ್ಕದಾಗಿತ್ತು, ಅದಕ್ಕೇ ಬಿದ್ದಿದ್ದು, ಈ ಸಲ ಅಳತೆ ಅಗಲಿಸಿದ್ದೇನೆ, ಬೆಳಿಗ್ಗೆ ಬರೆದಿಟ್ಟುಕೊಂಡೆ, ತಾಳು ತೋರಿಸ್ತೀನಿ ಅಂತ ಜೇಬಿಗೆ ಕೈಹಾಕಿ ಒಂದು ಚೀಟಿ ತೆಗೆದ. ತಿಳಿಹಳದಿ ಚೀಟಿ. ಹಿಂಭಾಗದಲ್ಲಿ ಅವನ ದಪ್ಪ ಪೆನ್ಸಿಲಿನಲ್ಲಿ ಭಾವನ ಚಿತ್ರ, ಪಕ್ಕದಲ್ಲಿ ಉದ್ದ, ಸುತ್ತಳತೆ, ಪೀಠದ ಅಗಲ.

ಆಗ ಅವಳಿಗೆ ತನ್ನ ದಡ್ಡತನ ಪೂರ್ತಿ ಅರ್ಥವಾಯಿತು. ಆ ಚೀಟಿಗಳು ಪ್ರೆಸ್ಸಿನಿಂದ ಬರುವುದು ದೊಡ್ಡ ಹಾಳೆಯಲ್ಲಿ, ಒಂದಕ್ಕೆ ಎಂಟು. ಅವಳು ಅವನ್ನು ಮನೆಗೆ ತರುತ್ತಾಳೆ, ಊಟದ ಮೇಜಿನ ಮೇಲೆ ಇಬ್ಬರೂ ಕೂತು ಕತ್ತರಿಸುತ್ತಾರೆ. ಕತ್ತರಿ ಬೇಡ ಅಂತ ಅವನು ಉಕ್ಕಿನ ಸ್ಕೇಲಿಟ್ಟು ಚಾಕುವಿನಲ್ಲಿ ಗೆರೆ ಎಳೆಯುತ್ತಾನೆ, ಕೂದಲು ಅಲುಗದ ಹಾಗೆ ನೇರ. ಮುದ್ರಣ ಕೆಟ್ಟವನ್ನು ಎಸೆಯುವುದಿಲ್ಲ. ಆರು ವರ್ಷದಿಂದ ಅವನ ಅಂಗಡಿಯ ಪ್ರತಿ ಕುರ್ಚಿ ಕಾಲಿನ ಅಳತೆಯೂ ಜೋಡಿ ಚೀಟಿಯ ಬೆನ್ನ ಮೇಲೇ ಬರೆದದ್ದು. ಕನ್ನಡಕದ ಡಬ್ಬಿಯಲ್ಲಿ ಎರಡು ಮೂರು ಯಾವಾಗಲೂ ಇರುತ್ತವೆ. ಊರಿನ ಯಾವ ಗಂಡಸು ಈ ಚೀಟಿ ಕಂಡರೂ ಬೆಚ್ಚಬಹುದು, ಇವನೊಬ್ಬನನ್ನು ಬಿಟ್ಟು. ಇವನಿಗೆ ಅದರಲ್ಲಿ ಓದುವಂಥದ್ದು ಏನೂ ಇರಲಿಲ್ಲ.

ಚೀಟಿ ಅವನ ಕೈಯಲ್ಲಿ ಅಲ್ಲಾಡುತ್ತಿತ್ತು. ಮುಂಭಾಗ ಬೆಂಚಿನ ಕಡೆಗಿತ್ತು. ಖಾಲಿ ಇರಬೇಕಾದ ಚೌಕದಲ್ಲಿ ಡಾಕ್ಟರಮ್ಮನ ನೀಲಿ ಶಾಯಿಯ ಸಂಖ್ಯೆ. ಹತ್ತು ಹೆಂಗಸರು ಭಾವನನ್ನು ನೋಡುತ್ತಿದ್ದರು. ಇಸ್ತ್ರಿಯವಳು ಚೌಕ ನೋಡುತ್ತಿದ್ದಳು. ಅಂಥ ಎರಡು ಚೌಕ ಅವಳ ಕೈಯಲ್ಲಿ ಬಂದು ಹೋಗಿದ್ದವು. ತುಂಬಿದ ಚೌಕಕ್ಕೂ ಖಾಲಿ ಚೌಕಕ್ಕೂ ಇರುವ ವ್ಯತ್ಯಾಸ ಆ ಬೆಂಚಿನ ಮೇಲೆ ಅವಳಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಅವಳು ಚೌಕದಿಂದ ಪಾಠದಕ್ಕನ ಮುಖಕ್ಕೆ ಕಣ್ಣೆತ್ತಿದಳು. ಕಲೆ ಉಜ್ಜಿಕೊಂಡಳು. ಈಗ ಹೇಳುತ್ತಾಳೆ, ಎಲ್ಲರೆದುರು, ಅವತ್ತು ತಾನು ಅವಳಿಗೆ ಹೇಳಿದ ಹಾಗೆಯೇ. ಹೇಳಿದರೆ ತಪ್ಪೇನೂ ಇಲ್ಲ ಅಂತ ಕೂಡ ಇವಳಿಗೆ ಅನ್ನಿಸಿತು. ಇಸ್ತ್ರಿಯವಳು ಎದ್ದು ಬಂದು, ಭಾವನನ್ನು ನೋಡಲು ಬಂದವಳ ಹಾಗೆ ಬಗ್ಗಿ, ಇವಳ ಕಿವಿಗೆ ಮಾತ್ರ ಬೀಳುವ ಹಾಗೆ ಅಂದಳು:

“ಕೈಗೇ ಕೊಡಬೇಕು ಅಂತ ನೀವೇ ಹೇಳಿದ್ದು, ಅಕ್ಕಾ.”

ಅವಳು ಗಂಡನನ್ನು ಕರೆದೊಯ್ದ ಸಾಮಾನಿನ ಕೋಣೆಯಲ್ಲಿ ಇಬ್ಬರು ನಿಲ್ಲುವಷ್ಟೇ ಜಾಗ. ಒಂದು ಕಡೆ ಕಾಂಡೋಮಿನ ಡಬ್ಬಗಳು ಮಾಡಿನವರೆಗೆ, ಇನ್ನೊಂದು ಕಡೆ ಹತ್ತಿ, ಕೈಗವಸು, ಮುರಿದ ತೂಕದ ಯಂತ್ರ. ಅವಳು ಅವನ ಕೈಯಿಂದ ಚೀಟಿ ತೆಗೆದುಕೊಂಡು, ತಿರುಗಿಸಿ, ಮುಂಭಾಗ ಮೇಲೆ ಮಾಡಿ, ಮತ್ತೆ ಅವನ ಕೈಗೇ ಕೊಟ್ಟಳು. ಮೂರು ಮಾತು. ಬೆಂಚಿನ ಮುಂದೆ ನೀರು ಕುಡಿದ ಹಾಗೆ ಬರುತ್ತಿದ್ದ ಮಾತು ಇಲ್ಲಿ ಒಂದೊಂದಾಗಿ ಬಾವಿಯಿಂದ ಸೇದಿದ ಹಾಗೆ ಬಂತು.

“ರೀ, ನನಗೆ ಒಂದು ಸೋಂಕು ಇದೆ. ಮಾತ್ರೆ ತಗೊಂಡರೆ ಹೋಗುತ್ತೆ. ನೀವೂ ತೋರಿಸಿಕೊಳ್ಳಬೇಕು.”

ಅಂತೆ ಅನ್ನುವುದನ್ನು ಮೂರರಲ್ಲೂ ಬಿಟ್ಟಿದ್ದೇನೆ ಅಂತ ಹೇಳಿಯಾದ ಮೇಲೆ ಅವಳಿಗೆ ಹೊಳೆಯಿತು. ಅವನು ಚೀಟಿ ಓದಿದ. ಆರು ವರ್ಷದಲ್ಲಿ ಸಾವಿರಗಟ್ಟಲೆ ಕತ್ತರಿಸಿದವನು ಮೊದಲ ಸಲ ಓದುತ್ತಿದ್ದ, ತುಟಿ ಅಲ್ಲಾಡುತ್ತಿತ್ತು. ಓದಿ ಮುಗಿಸಿ ಸಂಖ್ಯೆಯ ಮೇಲೆ ಹೆಬ್ಬೆರಳು ಸವರಿದ, ಮರದ ಬಿರುಕು ಹುಡುಕುವ ಹಾಗೆ. ಹೊರಗೆ ಬೆಂಚು ಹೊಸ ಭಾವನಿಗೂ ಹಳೆ ಭಾವನಿಗೂ ಹೋಲಿಕೆ ಮಾಡಿ ನಗುತ್ತಿದ್ದದ್ದು ಕೇಳಿಸುತ್ತಿತ್ತು.

“ಯಾರಿಂದ ಬಂತು?”

“ಪರೀಕ್ಷೆ ಏನಿದೆ ಅಂತ ಹೇಳುತ್ತೆ,” ಅಂದಳು. “ಎಲ್ಲಿಂದ ಅಂತ ಹೇಳಲ್ಲ.”

ಇದು ನಾಲ್ಕನೆಯ ಮಾತು ಅಂತ ಅವಳಿಗೆ ಗೊತ್ತಾಯಿತು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹೀಗೆ ಪೂರ್ತಿ ನಿಜವಾಗಿದ್ದೂ ಮುಚ್ಚಿಡುವ ಮಾತನ್ನು ತಾನು ಆರು ವರ್ಷ ಎಷ್ಟು ಹೆಂಗಸರ ಕೈಗೆ ಕೊಟ್ಟು ಕಳಿಸಿದ್ದೇನೋ ಅನ್ನಿಸಿತು. ಚಿಲಕಕ್ಕೆ ತೂಗಿದ ಚೀಲ ಕಣ್ಣೆದುರು ಬಂತು. ಹೇಳಿಬಿಡೋಣ ಅಂತ ಬಾಯಿ ತೆರೆದಳು. ಅಷ್ಟರಲ್ಲಿ ಅವನು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸುತ್ತ, ಅವಳನ್ನು ನೋಡದೆ, ಡಬ್ಬಗಳಿಗೆ ಹೇಳುವವನ ಹಾಗೆ ಅಂದ:

“ಹೋದ ವರ್ಷ ಆ ಮೆಟ್ಟಿಲ ಕೆಲಸಕ್ಕೆ ಹೋಗಿದ್ದೆನಲ್ಲ...”

ಅವಳು ಅವನ ಕೈ ಹಿಡಿದುಕೊಂಡಳು. “ಈಗ ಬೇಡ. ಮೊದಲು ಮಾತ್ರೆ.”

ಹೀಗಂದದ್ದು ಕರುಣೆಯಿಂದಲೋ ಹೆದರಿಕೆಯಿಂದಲೋ ಅವಳಿಗೆ ಇವತ್ತಿಗೂ ತಿಳಿಯದು. ಅವನು ಹೇಳಿದರೆ ತಾನೂ ಹೇಳಬೇಕಾಗುತ್ತಿತ್ತು. ಆ ಹೋಟೆಲಿನಲ್ಲಿ ಜ್ವರ ಬಂದಿತ್ತು ಅಂತಲೋ, ಬರೀ ಸಾಬೂನಿನ ವಿಷಯವೋ, ಅವನು ಹೇಳಲು ಹೊರಟದ್ದು ಅಷ್ಟೇ ಇದ್ದಿರಲೂಬಹುದು. ಅವನು ಕನ್ನಡಕ ಮತ್ತೆ ಹಾಕಿಕೊಂಡು ಅವಳ ಮುಖ ನೋಡಿದ, ಸ್ವಲ್ಪ ಹೆಚ್ಚೇ ಹೊತ್ತು. ಆಮೇಲೆ, ಎಲ್ಲಿ ಕೂರಬೇಕು ಅಂತ ಕೇಳಿದ.

ಕೂರಲು ಇದ್ದದ್ದು ಒಂದೇ ಬೆಂಚು. ಹೆಂಗಸರು ಒತ್ತಿಕೊಂಡು ಜಾಗ ಬಿಟ್ಟರು. ಬೆಂಚು ತುಸು ತಣ್ಣಗಾಯಿತು. ಜೋಡಿ ಚೀಟಿ ಹಿಡಿದು ಕೂತವನನ್ನು ಕಂಡರೆ ಯಾವ ಬೆಂಚಿಗೂ ಅರ್ಥವಾಗುತ್ತದೆ. ಪಾಠದಕ್ಕ ಗೋಡೆಗೆ ಒರಗಿ, ನೆಲ ನೋಡುತ್ತ, ಈಗ ಬರಬಹುದಾದ ಮಾತಿಗೆ ಕಾದಳು. ಮುದುಕಿ ಗಂಟಲು ಸರಿಮಾಡಿಕೊಂಡು, ಅಕ್ಕ ಹೇಳಿದ್ದನ್ನು ಅಕ್ಕನೂ ಮಾಡ್ತಾಳೆ ಅಂತಾಯ್ತು ಅಂದಳು. ಅಷ್ಟೇ. ಯಾರೋ ಅವನಿಗೆ ಬೀಸಣಿಗೆ ಕೊಟ್ಟರು. ಇಸ್ತ್ರಿಯವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, ಇಲ್ಲೊಬ್ಬರು ಗಂಡಸರು ಕೂತಿದ್ದಾರೆ, ಸೈಕಲ್ ಬಿಟ್ಟು ಬನ್ನಿ, ಪಂಚರಾದ ಸೈಕಲ್ ಯಾರೂ ಎತ್ಕೊಂಡು ಹೋಗಲ್ಲ ಅಂತ ಬೀದಿಗೆಲ್ಲ ಕೇಳುವ ಹಾಗೆ ಕರೆದಳು. ಎರಡು ನಿಮಿಷಕ್ಕೆ ಮೀಸೆಯ ಮನುಷ್ಯ ಮೇಲೆ ಬಂದು, ಯಾರ ಮುಖವನ್ನೂ ನೋಡದೆ, ಅವನ ಪಕ್ಕ ಕೂತ. ಇಬ್ಬರೂ ಗರ್ಭಕೋಶದ ಚಿತ್ರವನ್ನೇ ನೋಡಿದರು. ಆಮೇಲೆ ಅವಳ ಗಂಡ ಬೆಂಚಿನ ಕಾಲು ತಟ್ಟಿ, ಇದು ಎರಡು ಜಾತಿ ಮರ, ಒಂದು ಕಾಲು ಆಮೇಲೆ ಜೋಡಿಸಿದ್ದು ಅಂದ. ಮೀಸೆಯವನು ಬಗ್ಗಿ ನೋಡಿ, ಅದಕ್ಕೇ ಓಲಾಡ್ತಾ ಇದೆ ಅಂದ.

ಡಾಕ್ಟರಮ್ಮ ಫಲಿತಾಂಶಕ್ಕೆ ಕಾಯದೆ ಅವನಿಗೂ ಅವತ್ತೇ ಮಾತ್ರೆ ಕೊಟ್ಟರು. ಏಳು ದಿನ ಇಬ್ಬರೂ ಬೆಳಿಗ್ಗೆ ಸಂಜೆ ಒಂದೇ ಲೋಟದ ನೀರಿನಲ್ಲಿ ನುಂಗಿದರು, ಬೇರೆ ಬೇರೆ ಮಂಚದಲ್ಲಿ ಮಲಗಿದರು, ಮಗಳಿಗೆ ಅಪ್ಪನ ಗೊರಕೆಯ ನೆಪ ಹೇಳಿದರು. ಎಂಟನೆಯ ದಿನದಿಂದ ಮುಂದಿನ ಪರೀಕ್ಷೆಯವರೆಗೆ ಕಾಂಡೋಮ್. ಮರದ್ದಕ್ಕೆ ಹಾಕಿದಷ್ಟು ಸುಲಭ ಅಲ್ಲ ಕಣೇ ಇದು ಅಂತ ಅವನು ಗೊಣಗಿದನಂತೆ, ಅವಳು ನಕ್ಕು ನಕ್ಕು ದಿಂಬು ಕಚ್ಚಿಕೊಂಡಳಂತೆ. ಇದನ್ನು ಬರೆಯಬೇಡ ಅಂದಿದ್ದಳು, ಆಮೇಲೆ ಬರಿ ಅಂದಳು. ಪಾಠದಲ್ಲಿ ಒಂದು ಬದಲಾವಣೆ ಆಯಿತು. ನಾಲ್ಕನೆಯ ಮಾತು ಬೇಡ ಅನ್ನುವುದನ್ನು ಬಿಟ್ಟಿದ್ದಾಳೆ. ಮೂರು ಮಾತು ಹೇಳಿ, ನಾಲ್ಕನೆಯದು ಅವರವರಿಗೆ ಬಿಟ್ಟದ್ದು ಅನ್ನುತ್ತಾಳೆ. ಬೆಂಚಿನಲ್ಲಿ ಯಾರಾದರೂ, ನೀವು ಮಾಡಿಸಿದ್ದೀರಾ ಅಂತ ಕೇಳಿದರೆ ಹೌದು ಅನ್ನುತ್ತಾಳೆ, ತಾರೀಕನ್ನೂ ಹೇಳುತ್ತಾಳೆ.

ಮೂರು ತಿಂಗಳ ಮೇಲೆ ಅವಳ ಪರೀಕ್ಷೆ ಶುದ್ಧ ಬಂತು. ಇಷ್ಟು ನನಗೆ ಖಾತ್ರಿಯಾಗಿ ಗೊತ್ತು, ಕಾಗದ ನೋಡಿದ್ದೇನೆ. ಅವನ ಮೊದಲ ದಿನದ ಪರೀಕ್ಷೆಯ ಫಲಿತಾಂಶ ಮೊಹರು ಮಾಡಿದ ಲಕೋಟೆಯಲ್ಲಿ ಅವನ ಕೈಗೇ ಬಂತಂತೆ. ಅವನು ಅದನ್ನು ಒಡೆದನೋ ಇಲ್ಲವೋ, ಮಡಿಸಿ ಕನ್ನಡಕದ ಡಬ್ಬಿಯಲ್ಲಿ ಅಳತೆಯ ಚೀಟಿಗಳ ಕೆಳಗೆ ಇಟ್ಟಿದ್ದಾನೆ. ಡಬ್ಬಿ ದಿನವೂ ಮೇಜಿನ ಮೇಲೆ ಇರುತ್ತದೆ, ಅವಳು ದಿನವೂ ಮೇಜು ಒರೆಸುತ್ತಾಳೆ, ಡಬ್ಬಿಯನ್ನು ಎತ್ತಿ ಒರೆಸಿ ಅಲ್ಲೇ ಇಡುತ್ತಾಳೆ. ಅವನು ಮೆಟ್ಟಿಲ ಕೆಲಸದ ಮಾತನ್ನು ಮತ್ತೆ ಎತ್ತಿಲ್ಲ. ಅವಳೂ ತನ್ನದನ್ನು ಹೇಳಿಲ್ಲ. ಹೇಳುತ್ತೀಯಾ ಅಂತ ನಾನು ಕೇಳಿದೆ, ಹೇಳುತ್ತೇನೆ ಅಂದಳು, ಯಾವಾಗ ಅಂದರೆ ಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು. ಲಕೋಟೆಯಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ.